ಹಡಗು ತಿರುಗುವ ತನಕ

ಪ್ರವಾಸಿ ಹಡಗು ಯಾವ ಊರಿನಿಂದ ಹೊರಡಬೇಕು ಎಂಬುದನ್ನು ಸಮುದ್ರವೇ ತೀರ್ಮಾನಿಸುತ್ತದೆ ಎಂದು ನಂಬಿದವರು ಬೇಕಾದಷ್ಟು ಜನ ಇದ್ದಾರೆ, ಪಾಪ. ತೀರ್ಮಾನಿಸುವವಳು ಬಂದರಕ್ಕ. ಅದು ಅವಳ ಹೆಸರಲ್ಲ. ಹಡಗು ಕಂಪನಿಯ ಆಫೀಸಿನವರು ಅರ್ಧ ಅಕ್ಕರೆಯಿಂದ, ಅರ್ಧ ಹೆದರಿಕೆಯಿಂದ ಇಟ್ಟದ್ದು. ಯಾವ ಹಡಗು ಯಾವ ಬಂದರಿನಲ್ಲಿ ಜನರನ್ನು ಹತ್ತಿಸಿಕೊಳ್ಳಬೇಕು, ಯಾವುದನ್ನು ಬಿಟ್ಟು ಯಾವುದಕ್ಕೆ ಹೋಗಬೇಕು ಎಂದು ನೋಡುವುದು ಅವಳ ಕೆಲಸ. ಅವಳು ಹೂಂ ಅಂದರೆ ಒಂದು ಊರಿನ ಟ್ಯಾಕ್ಸಿಯವರು ಹಾಡಿ ಹೊಗಳುತ್ತಿದ್ದರು, ಊಹೂಂ ಅಂದರೆ ಇನ್ನೊಂದು ಊರಿನ ಹೋಟೆಲಿನವರು ಹಿಡಿಶಾಪ ಹಾಕುತ್ತಿದ್ದರು. ಎರಡನ್ನೂ ಅವಳು ತಲೆಗೆ ಹಚ್ಚಿಕೊಂಡವಳಲ್ಲ.

"ನೀರಿನ ಆಳ ಎಷ್ಟು ಅಂತ ಎಲ್ಲರೂ ನೋಡ್ತಾರೆ. ನಾನು ಶೌಚಾಲಯದ ಮುಂದೆ ಕ್ಯೂ ಎಷ್ಟುದ್ದ ಇದೆ ಅಂತ ನೋಡ್ತೀನಿ," ಎಂದು ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದಳು. ತಮಾಷೆಯಲ್ಲ. ವಿಮಾನ ನಿಲ್ದಾಣ ಹತ್ತಿರವಿದೆಯೇ, ಸೂಟ್‌ಕೇಸು ಎಳೆಯುವ ಅಜ್ಜ ಟ್ಯಾಕ್ಸಿ ಇಳಿದು ಮಳೆಗೆ ನೆನೆಯದೆ ಒಳಗೆ ಬರಬಹುದೇ, ತರಕಾರಿ ಲಾರಿಯೂ ಪ್ರಯಾಣಿಕರ ಬಸ್ಸೂ ಒಂದೇ ಗೇಟಿನಲ್ಲಿ ಮೂತಿಗೆ ಮೂತಿ ತಾಗಿಸಿಕೊಂಡು ನಿಲ್ಲುತ್ತವೆಯೇ, ಇವೆಲ್ಲ ಸರಿಯಿದ್ದರೆ ಮಾತ್ರ ಅಲ್ಲಿಗೆ ಹಡಗು. ಬೆಳಿಗ್ಗೆ ಒಂದು ಊರಿನಷ್ಟು ಜನ ಇಳಿಯಬೇಕು, ಸಂಜೆಯೊಳಗೆ ಇನ್ನೊಂದು ಊರಿನಷ್ಟು ಜನ ಹತ್ತಬೇಕು. ಆ ನಡುವೆ ಹಾಸಿಗೆಗಳು ಬದಲಾಗಬೇಕು, ಅಡುಗೆಮನೆ ತುಂಬಬೇಕು. ಅದು ಎಲ್ಲಿ ಸಲೀಸಾಗಿ ನಡೆಯುತ್ತದೋ ಅದೇ ಒಳ್ಳೆಯ ಬಂದರು ಎಂಬುದು ಅವಳ ಲೆಕ್ಕಾಚಾರ. ಅದು ಇಲ್ಲಿಯವರೆಗೆ ತಪ್ಪಿರಲಿಲ್ಲ, ತಪ್ಪುತ್ತದೆ ಎಂದು ಅವಳಿಗೆ ಅನಿಸಿಯೂ ಇರಲಿಲ್ಲ.

ಈ ಸಲ ಪರೀಕ್ಷೆಗೆ ಕೂತದ್ದು ಅವಳ ತವರೂರಿನ ಬಂದರು. ಅಲ್ಲಿನ ಟರ್ಮಿನಲ್ ಮ್ಯಾನೇಜರ್ ಅವಳ ಒಡಹುಟ್ಟಿದ ತಮ್ಮ. ಸಾಮಾನು ಹೊರುವವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದರು. ಅಕ್ಕನಿಗೆ ಮಾತ್ರ ಅವನು ಈಗಲೂ "ಲೋ". ಕರಾವಳಿಯಲ್ಲಿ ಇನ್ನಷ್ಟು ಕೆಳಗೆ ಹೊಸ ಬಂದರೊಂದು ಎದ್ದಿತ್ತು. ಗಾಜಿನ ಗೋಡೆ, ಮೈದಾನದಂಥ ಪಾರ್ಕಿಂಗು, ತಾನೇ ತೆರೆದುಕೊಳ್ಳುವ ಬಾಗಿಲುಗಳು. ಕಂಪನಿಯ ದೊಡ್ಡವರ ಕಣ್ಣು ಅದರ ಮೇಲೆ ಬಿದ್ದಿತ್ತು. ಅವಳು ತವರಿನ ಬಂದರು ನೋಡಿದ ಮರುದಿನದ ಮೀಟಿಂಗಿನಲ್ಲಿ ಬಂದರಕ್ಕ ಏನು ಹೇಳುತ್ತಾಳೋ ಅದೇ ಅಂತಿಮ. ಹಡಗು ಹೊಸ ಬಂದರಿಗೆ ಹೋದರೆ ತಮ್ಮನ ಟರ್ಮಿನಲ್‌ಗೆ ಬೀಗ ಬೀಳುವುದು ಖಂಡಿತ, ಏಕೆಂದರೆ ಅಲ್ಲಿಗೆ ಬರುತ್ತಿದ್ದ ದೊಡ್ಡ ಹಡಗು ಅದೊಂದೇ.

ಬೆಳಿಗ್ಗೆ ಬಂದವಳು ಹಾಲ್‌ನ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಸೂಟ್‌ಕೇಸುಗಳು ಬಣ್ಣದ ಚೀಟಿಯ ಪ್ರಕಾರ ಸಾಲುಸಾಲಾಗಿ, ಹಿಡಿಕೆ ಬಾಗಿಲ ಕಡೆಗೆ ತಿರುಗಿಸಿಕೊಂಡು ನಿಂತಿದ್ದವು. ಇಳಿದವರು ಬಗ್ಗದೆ, ಹುಡುಕಾಡದೆ, ನಡೆಯುತ್ತಲೇ ಎಳೆದುಕೊಂಡು ಹೋಗುತ್ತಿದ್ದರು. ಇಳಿಯುವವರಿಗೆ ಒಂದು ಬಾಗಿಲು, ಹತ್ತುವವರಿಗೆ ಇನ್ನೊಂದು. ಯಾರೂ ಕಿರುಚಲಿಲ್ಲ, ಯಾರೂ ಬೆವರಲಿಲ್ಲ. ಕ್ಯೂ ಕೂಡ ಗಿಡ್ಡ. ಭಲೇ ತಮ್ಮಾ ಎಂದುಕೊಂಡಳು. ಹೆಮ್ಮೆಯಿಂದ ಅವಳ ಎದೆ ಉಬ್ಬಿತು, ಜೊತೆಗೆ ಸಿಟ್ಟೂ ಬಂತು, ಏಕೆಂದರೆ ಇಷ್ಟೆಲ್ಲ ಚೆನ್ನಾಗಿ ಮಾಡುವವನು ಕೊನೆಯಲ್ಲಿ ಹೋಗಿ ಹಾಳು ಮಾಡುತ್ತಿದ್ದದ್ದು ಒಂದೇ ವಿಷಯ.

ಅವನ ಪುಟ್ಟ ಆಫೀಸಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅವಳು ನೇರವಾಗಿ ಕೇಳಿದಳು. "ಲೋ, ಪ್ರತಿ ವಾರ ಹಡಗು ಯಾಕೋ ತಡ ಆಗಿ ಬಿಡುತ್ತೆ?"

"ಯಾವುದೋ ಸೂಟ್‌ಕೇಸ್ ಬರೋದು ಬಾಕಿ ಇರುತ್ತೆ ಅಕ್ಕ," ಎಂದ ಅವನು, ಕಿಟಕಿಯ ಕಡೆ ನೋಡುತ್ತ.

"ಆ ಸೂಟ್‌ಕೇಸನ್ನ ಇವತ್ತಿನ ತನಕ ಕ್ಯಾಪ್ಟನ್ನೂ ಕಂಡಿಲ್ಲ, ನಾನೂ ಕಂಡಿಲ್ಲ. ನನ್ನ ಹತ್ರ ಅಡ್ಡಗೋಡೆ ಮೇಲೆ ದೀಪ ಇಡ್ಬೇಡ."

ಅವನು ನಕ್ಕುಬಿಟ್ಟ. ಆಮೇಲೆ ಬೆರಳು ಮೇಲಕ್ಕೆ ತೋರಿಸಿದ. ಮೇಲೆ ಟೆರೇಸು. ಬೀಳ್ಕೊಡಲು ಬಂದವರು ಅಲ್ಲಿ ಹತ್ತಿ ನಿಂತು, ಹಡಗಿನ ಡೆಕ್ಕಿನಲ್ಲಿ ನಿಂತ ತಮ್ಮವರಿಗೆ ಕೈಬೀಸಬಹುದಿತ್ತು. ಹೊಸ ಬಂದರುಗಳಲ್ಲಿ ಆ ಪದ್ಧತಿಯೇ ಇಲ್ಲ. ಬೀಳ್ಕೊಡುವವರು ಪಾರ್ಕಿಂಗಿನಲ್ಲೇ ಅತ್ತು ಮುಗಿಸಬೇಕು.

"ಮೇಲೆ ಒಬ್ಬಳು ಅಜ್ಜಿ ಮೊಮ್ಮಗಳನ್ನ ಹುಡುಕ್ತಾ ನಿಂತಿರ್ತಾಳೆ. ಆ ಮೊಮ್ಮಗಳು ಇನ್ನೂ ಲಿಫ್ಟಲ್ಲಿರ್ತಾಳೆ. ಹಡಗು ಕಟ್ಟಿದ ಹಗ್ಗ ಬಿಡದೆ ಒಂದೈದು ನಿಮಿಷ ಹಿಡಿದುಕೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ ಹೇಳು?"

"ನಮ್ಮ ಗಂಟೇ ಹೋಗುತ್ತೆ! ನೀನು ಹಗ್ಗ ಹಿಡ್ಕೊಂಡು ಕೂತ್ರೆ ಹಡಗು ಆ ತಡ ಸರಿದೂಗಿಸೋಕೆ ರಾತ್ರಿಯೆಲ್ಲ ಓಡಬೇಕು, ಎಣ್ಣೆ ಕುಡಿಯುತ್ತೆ. ಅಷ್ಟಾದ್ರೂ ಮುಂದಿನ ಊರಲ್ಲಿ ಬಸ್ಸುಗಳು ಕಾಯ್ತಾ ನಿಂತಿರ್ತವೆ. ಅವರ ಬೈಗುಳ ತಿನ್ನೋದು ನಾನು."

ಅವನು ಬಟ್ಟಲು ಕೆಳಗಿಟ್ಟ. "ಅಪ್ಪಂದು ಮರೆತುಬಿಟ್ಯಾ?"

ಮರೆಯುವುದುಂಟೇ! ಅಪ್ಪ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಇದೇ ಟೆರೇಸಿಗೆ ಅಮ್ಮ ಒಮ್ಮೆ ಇಬ್ಬರನ್ನೂ ಕರೆತಂದಿದ್ದಳು. ತಮ್ಮ ಆಗಿನ್ನೂ ಕಟಕಟೆಯ ಸಂದಿಯಲ್ಲಿ ತಲೆ ತೂರಿಸುವಷ್ಟು ಚಿಕ್ಕವನು. ಡೆಕ್ಕಿನ ಮೇಲೆ ಯಾರ್‍ಯಾರೋ ಕೈಬೀಸಿದರು, ಅಪ್ಪ ಮಾತ್ರ ಕಾಣಲೇ ಇಲ್ಲ. ಹಗ್ಗ ಬಿತ್ತು, ಹಡಗು ಸರಿಯಿತು, ತಮ್ಮ ಬಸ್ಸಿನಲ್ಲಿ ಮನೆಯವರೆಗೂ ಬಿಕ್ಕಿದ. ತಿಂಗಳುಗಟ್ಟಲೆ ಕಳೆದು ಮನೆಗೆ ಬಂದ ಅಪ್ಪ ಮೊದಲ ದಿನ ಮುಖ ಊದಿಸಿಕೊಂಡೇ ಇದ್ದರು. "ನೋಡೋಕೆ ಬಂದೋರು ಹಾಗಾ ಮಾಡೋದು?" ಎಂದಷ್ಟೇ ಅಂದರು. ಆಮೇಲೆ ಸರಿಹೋದರು, ಹಡಗಿನ ಕೆಲಸ ಮುಗಿದ ಮೇಲೆ ಎಷ್ಟೋ ವರ್ಷ ಮನೆಯಲ್ಲೇ ಇದ್ದು, ಎಲ್ಲರನ್ನೂ ನಗಿಸಿ, ತೀರಿಕೊಂಡರು. ಆದರೆ ತಮ್ಮನ ತಲೆಯಲ್ಲಿ ಕೂತದ್ದು ಕೂತೇಬಿಟ್ಟಿತ್ತು: ಹಡಗು ಇನ್ನೊಂದು ಗಳಿಗೆ ನಿಂತಿದ್ದರೆ ಅಪ್ಪ ಹೊರಗೆ ಬರುತ್ತಿದ್ದರು.

"ಅದಕ್ಕೇ ಕಾಯ್ತೀನಿ," ಎಂದ. "ಬೇರೆಯವರಿಗೆ ಹಾಗಾಗಬಾರದು."

ಆದರೂ ಬಂದರಕ್ಕ ಮೆತ್ತಗಾಗಲಿಲ್ಲ. "ನಾಳೆ ಮೀಟಿಂಗಲ್ಲಿ ಸುಳ್ಳು ಹೇಳು ಅಂತ ನನ್ನ ಕೇಳ್ಬೇಡ. ಇವತ್ತು ಸಂಜೆ ಸರಿಯಾಗಿ ಐದಕ್ಕೆ ಹಗ್ಗ ಬಿಟ್ರೆ ಹಡಗು ನಿಂದು. ಇಲ್ಲಾಂದ್ರೆ ಇಲ್ಲ."

"ಇವತ್ತು ಯಾರು ಹೋಗ್ತಿದ್ದಾರೆ ಅಂತ ನೆನಪಿದೆ ತಾನೇ?"

ನೆನಪಿತ್ತು. ಅಮ್ಮ ಹೊರಟಿದ್ದಳು. "ಮಗಳು ಹಡಗುಗಳನ್ನ ಊರೂರಿಗೆ ಹಂಚ್ತಾಳೆ, ಮಗ ಹಗ್ಗ ಬಿಡಿಸ್ತಾನೆ, ಗಂಡ ಹಡಗಲ್ಲೇ ಬಲ್ಬು ಹಾಕ್ತಾ ಜೀವ ಸವೆಸಿದ್ರು. ನಾನೊಬ್ಬಳು ದಡದಲ್ಲೇ ಇರ್ಬೇಕಾ?" ಎಂದು ವರ್ಷವಿಡೀ ಕುಟುಕಿ, ಕೊನೆಗೂ ಪಕ್ಕದ ಮನೆಯ ನಿವೃತ್ತ ಟೀಚರನ್ನು ಜೊತೆಮಾಡಿಕೊಂಡು ಟಿಕೆಟ್ ಹಾಕಿಸಿಕೊಂಡಿದ್ದಳು. ಮಧ್ಯಾಹ್ನ ಮಕ್ಕಳಿಬ್ಬರೂ ಅವಳನ್ನು ಬಾಗಿಲವರೆಗೆ ಬಿಟ್ಟರು. "ಡೆಕ್ಕಿಗೆ ಬಾ ಅಮ್ಮ, ಐದಕ್ಕೆ ಮುಂಚೆ," ಎಂದ ಮಗ, ಮೂರು ಸಲ. "ನಂಗೆ ಗೊತ್ತಿದೆ, ಎಲ್ಲಿ ನಿಲ್ಬೇಕು ಅಂತ. ನೀನು ನಿನ್ನ ಕೆಲಸ ನೋಡ್ಕೋ," ಎಂದು ಅವಳು ಅವನ ಕೆನ್ನೆ ತಟ್ಟಿ ಒಳಗೆ ಹೋದಳು.

ಐದಕ್ಕೆ ಸ್ವಲ್ಪ ಮುಂಚೆ ಟೆರೇಸು ಕಿಕ್ಕಿರಿದಿತ್ತು. ಹಡಗಿನ ಡೆಕ್ಕಿನ ಮೇಲೂ ಜನವೋ ಜನ. ಇಲ್ಲಿಂದ ಹೆಸರು ಕೂಗುವವರು, ಅಲ್ಲಿಂದ ಮಗುವನ್ನು ಎತ್ತಿ ತೋರಿಸುವವರು. ಅಕ್ಕ, ತಮ್ಮ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಅಮ್ಮ ಇರಲಿಲ್ಲ. ಫೋನು ಮಾಡಿದರು, ಎತ್ತಲಿಲ್ಲ. ಟೀಚರೂ ಎತ್ತಲಿಲ್ಲ.

ಗಡಿಯಾರ ಐದು ತೋರಿಸಿತು. ಕೆಳಗೆ ಹಗ್ಗದ ಬಳಿ ನಿಂತವರು ಕತ್ತು ಎತ್ತಿ ಯಜಮಾನನನ್ನೇ ನೋಡುತ್ತಿದ್ದರು. ಯಜಮಾನ ವಾಕಿಟಾಕಿ ಬಾಯಿಯ ಹತ್ತಿರ ಹಿಡಿದುಕೊಂಡು ಅಕ್ಕನನ್ನು ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಗದರಬಹುದಿತ್ತು.

ಇಡೀ ದಿನ ಬಂಡೆಯ ಹಾಗೆ ನಿಂತಿದ್ದ ಬಂದರಕ್ಕನಿಗೆ ಆಗ ಒಂದೇ ಆಸೆ: ಇನ್ನೊಂದು ನಿಮಿಷ ಕಣೋ ಎಂದುಬಿಡಬೇಕು. ಒಂದೇ ನಿಮಿಷ. ಅಮ್ಮ ಯಾವುದೋ ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ಒದ್ದಾಡುತ್ತಿರಬಹುದು. ಮೊದಲ ಸಲ ಹಡಗು ಹತ್ತಿದ್ದಾಳೆ. ತಮ್ಮ ಪ್ರತಿ ವಾರ ಇಲ್ಲಿ ನಿಂತು ಏನು ಅನುಭವಿಸುತ್ತಿದ್ದ ಎಂಬುದು ಅವಳಿಗೆ ಆಗ ಅರ್ಥವಾಯಿತು.

"ಬಿಡು," ಎಂದಳು. ದನಿ ಅವಳದೇ ಅಂತ ಅವಳಿಗೇ ಅನಿಸಲಿಲ್ಲ.

"ಹಗ್ಗ ಬಿಡಿ," ಎಂದ ತಮ್ಮ.

ಹಗ್ಗ ನೀರಿಗೆ ಬಿತ್ತು. ಹಡಗು ಒಮ್ಮೆ ಕೂಗಿ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ತಕ್ಷಣ ಕಾವಲುಗಾರ ಬಾಗಿಲಲ್ಲಿ ನಿಂತು ಎಂದಿನ ರಾಗ ಎತ್ತಿದ: "ಇಳೀರಿ, ಇಳೀರಿ, ಬೇಗ ಇಳೀರಿ, ಗೇಟಲ್ಲಿ ಜಾಮ್ ಆಗುತ್ತೆ!" ಅದು ಯಜಮಾನನದೇ ಕಟ್ಟಪ್ಪಣೆ. ಹಗ್ಗ ಬಿಟ್ಟ ಕೂಡಲೇ ಟೆರೇಸು ಖಾಲಿ ಮಾಡಿಸಿ, ತಾನೇ ಮೊದಲು ಕೆಳಗಿಳಿದು ಗೇಟಿನಲ್ಲಿ ಕಾರುಗಳನ್ನು ಸಾಲು ಹಿಡಿಸುವುದು ಅವನ ರೂಢಿ. ಜನ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದರು. ಅವನೂ ಹೊರಟ.

"ನೀನು ಹೋಗು. ನಾನು ಇಳಿಯಲ್ಲ," ಎಂದಳು ಅಕ್ಕ. ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅದನ್ನು ಕಂಡು ತಮ್ಮ ಮೆಟ್ಟಿಲಿನಿಂದ ವಾಪಸು ಬಂದು ಅವಳ ಪಕ್ಕದಲ್ಲೇ ನಿಂತ. ಗೇಟಿನಲ್ಲಿ ಕಾರುಗಳು ಹಾರ್ನು ಹೊಡೆದವು, ಹೊಡೆಯಲಿ ಬಿಡಿ.

ಆ ಬಂದರಿನಲ್ಲಿ ಹಡಗು ಬೆಳಿಗ್ಗೆ ಮೂತಿ ಒಳಗೆ ಹಾಕಿಕೊಂಡು ಬಂದು ನಿಲ್ಲುತ್ತದೆ. ಹೊರಡುವಾಗ ಹಿಂದೆ ಸರಿದು, ಅಗಲವಾದ ನೀರಿಗೆ ಬಂದು, ಪೂರ್ತಿ ತಿರುಗಿ, ಆಮೇಲೆ ಮುಂದಕ್ಕೆ ಹೋಗಬೇಕು. ಹೀಗೆ ತಿರುಗಲು ಹೊತ್ತು ಹಿಡಿಯುತ್ತದೆ ಎಂದು ಬಂದರಕ್ಕ ಅದನ್ನು ಈ ಬಂದರಿನ ಕುಂದುಗಳಲ್ಲಿ ಒಂದು ಅಂತಲೇ ಎಣಿಸಿದ್ದಳು. ತಮ್ಮನೋ, ಆ ಹೊತ್ತಿಗೆ ಯಾವಾಗಲೂ ಗೇಟಿನಲ್ಲಿ ಕಾರುಗಳ ಜೊತೆ ಜಗಳವಾಡುತ್ತಿರುತ್ತಿದ್ದವನು. ಟೆರೇಸಿನಲ್ಲಿ ನಿಂತು ಅದನ್ನು ನೋಡಿದವರೇ ಇರಲಿಲ್ಲ.

ಈಗ ಇಬ್ಬರೂ ನೋಡಿದರು. ಹಡಗು ಆನೆ ಮಗ್ಗುಲು ಬದಲಿಸುವ ಹಾಗೆ ಸಾವಕಾಶವಾಗಿ ತಿರುಗಿತು. ಇಷ್ಟು ಹೊತ್ತು ಸಮುದ್ರದ ಕಡೆಗಿದ್ದ ಮಗ್ಗುಲು ಇಂಚಿಂಚಾಗಿ ದಡದ ಕಡೆಗೆ ಬಂತು. ಆ ಡೆಕ್ಕಿನಲ್ಲಿ ನೂಕಿಲ್ಲ, ನುಗ್ಗಲಿಲ್ಲ. ಉದ್ದಕ್ಕೂ ಖಾಲಿ. ಖಾಲಿ ಡೆಕ್ಕಿನ ಸರಿಯಾಗಿ ನಡುಮಧ್ಯದಲ್ಲಿ ಇಬ್ಬರೇ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು ಟೀಚರ್. ಇನ್ನೊಬ್ಬಳು ಕೋಣೆಯ ದೊಡ್ಡ ಬಿಳಿ ಟವೆಲನ್ನು ತಲೆಯ ಮೇಲೆತ್ತಿ ಗರಗರ ಬೀಸುತ್ತಿದ್ದಳು.

"ಅಮ್ಮಾ!" ಎಂದು ಯಜಮಾನ ಚಿಕ್ಕ ಮಗುವಿನ ಹಾಗೆ ಕಿರುಚಿದ.

ಟವೆಲನ್ನು ಕೋಣೆಯಿಂದ ಹೊರಗೆ ತರಬಾರದು ಎಂಬುದು ಕಂಪನಿಯ ನಿಯಮ. ಆ ನಿಯಮ ಹಾಳಾಗಿ ಹೋಗಲಿ ಎಂದುಕೊಂಡ ಬಂದರಕ್ಕ ತನ್ನ ಕೊರಳಿನ ಸ್ಕಾರ್ಫು ಬಿಚ್ಚಿ ಬೀಸಿದಳು. ಕೂಗು ಕೇಳಿ ಪಾರ್ಕಿಂಗಿನಲ್ಲಿದ್ದವರು ತಿರುಗಿ ನೋಡಿದರು, ನೋಡಿದವರು ಓಡಿ ಬಂದು ಮತ್ತೆ ಮೆಟ್ಟಿಲು ಹತ್ತಿದರು. ಅಷ್ಟರಲ್ಲಿ ಹಡಗಿನವರೂ ಈ ಮಗ್ಗುಲಿಗೆ ನುಗ್ಗಿ ಬಂದರು. ಅಲ್ಲಿಯವರೆಗೆ ತಮ್ಮವರನ್ನು ಕಾಣದೆ ಸಪ್ಪಗಿದ್ದ ಒಬ್ಬಳು ಅಜ್ಜಿ "ಅಗೋ, ಅಲ್ಲಿದ್ದಾಳೆ ನನ್ನ ಚಿನ್ನ!" ಎಂದು ಕುಣಿದೇಬಿಟ್ಟಳು.

ಫೋನು ಬಡಿದುಕೊಂಡಿತು. ತಮ್ಮ ಸ್ಪೀಕರ್ ಹಾಕಿದ.

"ಎಷ್ಟು ಸಲ ಫೋನ್ ಮಾಡ್ತೀರೋ? ಟವೆಲ್ ಹಿಡ್ಕೊಳ್ಳಲಾ, ಫೋನ್ ಹಿಡ್ಕೊಳ್ಳಲಾ?" ಎಂದಳು ಅಮ್ಮ.

"ಆ ಕಡೆ ಯಾಕಮ್ಮ ನಿಂತ್ಕೊಂಡೆ? ನಮಗೆ ಜೀವವೇ ಹೋಗಿತ್ತು."

"ಇದೇ ಕಣೋ ಸರಿಯಾದ ಕಡೆ. ಎಲ್ಲರೂ ಆ ಕಡೆ ಗುದ್ದಾಡ್ತಾರೆ, ಹಡಗು ತಿರುಗಿದ್ಮೇಲೆ ದಡ ಕಾಣೋದು ಈ ಕಡೆಯಿಂದ, ಅದೂ ಎಷ್ಟೋ ಹೊತ್ತಿನ ತನಕ. ನಿಮ್ಮಪ್ಪ ಹೇಳಿದ್ರು."

"ಅಪ್ಪ ಯಾವಾಗ ಹೇಳಿದ್ರು?"

"ಆವತ್ತು ಮುಖ ಊದಿಸಿಕೊಂಡು ಕೂತಿದ್ರಲ್ಲ, ಆಗ. ಅವರು ಇಲ್ಲೇ ನಿಂತಿದ್ರಂತೆ, ಕೈಯೆತ್ತಿಕೊಂಡು. ಹಡಗು ತಿರುಗಿತು, ನೋಡಿದ್ರೆ ಟೆರೇಸ್ ಖಾಲಿ. ಬಸ್ಸು ತಪ್ಪುತ್ತೆ ಅಂತ ನಾನೇ ನಿಮ್ಮನ್ನ ದರದರ ಎಳ್ಕೊಂಡು ಇಳಿದಿದ್ದೆ. ಹಡಗು ಬೇಗ ಬಿಡ್ಲಿಲ್ಲ ಕಣೋ. ನಾವು ಬೇಗ ಇಳಿದ್ವಿ."

ತಮ್ಮ ಫೋನನ್ನು ಅಕ್ಕನ ಕೈಗೆ ಕೊಟ್ಟು, ಕಟಕಟೆಗೆ ಒರಗಿ, ಎರಡೂ ಕೈ ಎತ್ತಿ ಬೀಸತೊಡಗಿದ. ಅಮ್ಮನಿಗೆ ಒಂದು ಕೈ ಸಾಕಾಗುತ್ತಿತ್ತು. ಇನ್ನೊಂದು ಯಾರಿಗೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಅವಳೂ ಇನ್ನೊಂದು ಕೈ ಎತ್ತಿದಳು. ಇಬ್ಬರೂ ಗಳಗಳನೆ ಅತ್ತರು, ಅಳುತ್ತಲೇ ನಕ್ಕರು.

ಹಡಗು ಸಣ್ಣದಾಗುತ್ತ ಬಂದ ಮೇಲೆ ಬಂದರಕ್ಕ ಮೂಗೊರೆಸಿಕೊಂಡು ಗಟ್ಟಿ ದನಿಯಲ್ಲಿ ಅಂದಳು: "ನಾಳೆ ಹೇಳ್ತೀನಿ, ಐದಕ್ಕೆ ಸರಿಯಾಗಿ ಬಿಡುತ್ತೆ ಅಂತ. ತಿರುಗೋ ಹಡಗನ್ನ ಪೂರ್ತಿ ನೋಡೋಕೆ ಇಂಥ ಟೆರೇಸ್ ಹೊಸ ಬಂದರಲ್ಲಿ ಎಲ್ಲಿದೆ ತೋರಿಸಿ ಅಂತಾನೂ ಕೇಳ್ತೀನಿ. ಹಡಗು ಇಲ್ಲಿಂದಲೇ ಹೊರಡುತ್ತೆ, ನೋಡ್ತಿರು."

ಬೀಗದ ಕೈ ಅಲ್ಲಾಡಿಸುತ್ತ ಕಾವಲುಗಾರ ಬಂದ. "ಯಜಮಾನ್ರೇ, ಟೆರೇಸ್ ಬಾಗಿಲು ಹಾಕ್ಲಾ?"

"ಇಲ್ಲ," ಎಂದ ತಮ್ಮ, ಕಣ್ಣು ಕೀಳದೆ. "ಇನ್ಮೇಲೆ ಹಡಗು ಕಣ್ಮರೆಯಾಗೋ ತನಕ ಹಾಕ್ಬೇಡ."