ಹೇಸರಗತ್ತೆಯವಳ ಹಲ್ಲು

ಶಿಬಿರದ ಕೊನೆಯ ಊರಿಗೆ ಬರುವ ಹೊತ್ತಿಗೆ ಡಾಕ್ಟ್ರಮ್ಮನ ಬಲಗೈ ಮಣಿಕಟ್ಟು ಆಕೆಯ ಮಾತು ಕೇಳುವುದನ್ನೇ ಬಿಟ್ಟಿತ್ತು. ಶಾಲೆಯ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿ, ಹಲ್ಲು ಕೀಳುವ ಇಕ್ಕಳಗಳನ್ನು ಕುದಿಸಲು ಪ್ರೆಷರ್ ಕುಕ್ಕರಿಗೆ ಹಾಕಿ ಸ್ಟೌ ಹಚ್ಚಬೇಕಾದರೆ ಬೆಂಕಿಕಡ್ಡಿ ಗೀರಲಿಕ್ಕೂ ಎಡಗೈಯೇ ಬೇಕಾಯಿತು. ಪಟ್ಟಣದ ಕ್ಲಿನಿಕ್ಕಿನಲ್ಲಿ ಕಾಲಿನಿಂದ ಒತ್ತಿದರೆ ಏರಿಳಿಯುವ ಕುರ್ಚಿಯ ಪಕ್ಕ ಅರ್ಧ ಆಯುಷ್ಯ ಕಳೆದವಳು ಆಕೆ. ಇಲ್ಲಿ ಕುರ್ಚಿ ಎಂದರೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಹಿಂದೆ ಬೆಂಚು, ಬೆಂಚಿನ ಮೇಲೆ ಮಡಚಿಟ್ಟ ಕಂಬಳಿ, ಅದೇ ರೋಗಿಯ ತಲೆಗೆ ಆಸರೆ. ಹಲ್ಲು ಕಾಣಬೇಕಾದರೆ ಆಕೆ ಬಗ್ಗಬೇಕು, ಇಲ್ಲವೇ ಮಂಡಿಯೂರಬೇಕು. ಸೊಂಟ ಮೊದಲನೆಯದಕ್ಕೆ ಒಪ್ಪುತ್ತಿರಲಿಲ್ಲ, ಮಂಡಿ ಎರಡನೆಯದಕ್ಕೆ.

“ಅಕ್ಕಾ, ಬೆಟ್ಟ ನೋಡ್ಬೇಕು ಅಂತ ನಿಮ್ಮ ಬೆನ್ನು ಹತ್ತಿ ಬಂದೆ,” ಎಂದಳು ಓರಗಿತ್ತಿ, ತಲೆಗೆ ಕಟ್ಟುವ ದೀಪಕ್ಕೆ ಹೊಸ ಬ್ಯಾಟರಿ ತುರುಕುತ್ತ. “ಬಂದಾಗಿಂದ ಬರೀ ಜನರ ಬಾಯಿ ನೋಡಿದ್ದೇ ಆಯ್ತು. ಈಗ ಯಾರಾದ್ರೂ ನನ್ನ ನೋಡಿ ನಕ್ರೆ ಮುಖ ಕಾಣಲ್ಲ, ದವಡೆ ಕಾಣುತ್ತೆ.”

“ಕಂಡ್ರೆ ಒಳ್ಳೇದೇ. ಮಾತಾಡ್ತಾನೇ ಹತ್ತಿ ಉಂಡೆ ಮಾಡು.”

ಓರಗಿತ್ತಿ ಎಂದರೆ ಡಾಕ್ಟ್ರಮ್ಮನ ಗಂಡನ ತಮ್ಮನ ಹೆಂಡತಿ. ಹೊಲಿಗೆ ಕಲಿಸುವ ಟೀಚರಾಗಿದ್ದು ಆಗಷ್ಟೇ ನಿವೃತ್ತಳಾಗಿದ್ದಳು. ರಕ್ತ ಕಂಡರೆ ತಲೆ ತಿರುಗೀತೆಂದು ಹೊರಡುವ ಮುಂಚೆ ಮನೆಯವರನ್ನೆಲ್ಲ ಹೆದರಿಸಿದ್ದಳು. ತಲೆಯೇನೂ ತಿರುಗಲಿಲ್ಲ, ಹೆದರಿಕೆಗೆ ಬಾಯಿ ಮಾತ್ರ ಇನ್ನಷ್ಟು ಓಡತೊಡಗಿತು. ಆದರೂ ದೀಪ ಹಿಡಿದರೆ ಅಲುಗಾಡದಂತೆ ಹಿಡಿಯುತ್ತಿದ್ದಳು, ಅಳುವ ಮಕ್ಕಳನ್ನು ರಮಿಸುತ್ತಿದ್ದಳು, ಉಗುಳುವ ಬಕೆಟ್ಟನ್ನು ಮುಖ ಸಿಂಡರಿಸದೆ ತೊಳೆದಿಡುತ್ತಿದ್ದಳು. ಅವಳಿಲ್ಲದಿದ್ದರೆ ಡಾಕ್ಟ್ರಮ್ಮ ಅರ್ಧ ದಾರಿಯಲ್ಲೇ ಕೈಚೆಲ್ಲಿ ಕೂರುತ್ತಿದ್ದಳೋ ಏನೋ.

ಹಾಗೆ ನೋಡಿದರೆ ಈ ಪ್ರವಾಸ ಡಾಕ್ಟ್ರಮ್ಮನದೇ ಅಲ್ಲ. ಕಾಲೇಜಿನಲ್ಲಿ ಜೊತೆಗೆ ಓದಿದ, ಎಲ್ಲರೂ ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದ ಒಬ್ಬ ಗೆಳೆಯ ವರ್ಷ ವರ್ಷವೂ ಪರಿಚಯದ ಹಲ್ಲಿನ ಡಾಕ್ಟರುಗಳನ್ನು ಕಟ್ಟಿಕೊಂಡು ಬೆಟ್ಟದ ಊರುಗಳಿಗೆ ಹೊರಡುತ್ತಿದ್ದ. ಈ ಸಲ ರಸ್ತೆಯೇ ಇಲ್ಲದ ತುದಿಯ ಊರನ್ನೂ ಸೇರಿಸಿಕೊಂಡಿದ್ದ. ಹೊರಡುವ ವಾರ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದ. “ನೀನು ಹೋಗ್ಲಿಲ್ಲ ಅಂದ್ರೆ ಈ ಹುಡುಗ್ರೂ ಹೋಗಲ್ಲ,” ಎಂದು ಮಲಗಿದಲ್ಲಿಂದಲೇ ಗೋಗರೆದ. ಡಾಕ್ಟ್ರಮ್ಮನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ತಂಡದ ಇಬ್ಬರು ಎಳೆಯ ಡಾಕ್ಟರುಗಳು ಕೆಳಗಿನ ಊರಿನಲ್ಲಿ ಜನರೇಟರ್ ಇಟ್ಟುಕೊಂಡು ಹಲ್ಲು ಕೊರೆದು ತುಂಬುತ್ತ ಉಳಿದರು. ಜನರೇಟರ್ ಈ ಕಾಲುದಾರಿಯಲ್ಲಿ ಹತ್ತುವಂತಿರಲಿಲ್ಲ. ಹಿರಿಯಳಾದ ತಾನು ಕೆಳಗೆ ಕುಳಿತು ಅವರನ್ನು ಮೇಲಕ್ಕಟ್ಟುವುದು ಡಾಕ್ಟ್ರಮ್ಮನಿಗೆ ಸರಿಕಾಣಲಿಲ್ಲ. ಅರ್ಧ ಏರಿದ ಮೇಲೆ ಆ ದೊಡ್ಡತನಕ್ಕೆ ತನ್ನನ್ನು ತಾನೇ ಮನಸಾರೆ ಬೈದುಕೊಂಡಳು.

ಪೆಟ್ಟಿಗೆಗಳನ್ನು ಮೇಲಕ್ಕೆ ತಂದವಳು ಒಬ್ಬ ಹೇಸರಗತ್ತೆಯವಳು. ಮೂವತ್ತೈದರ ಆಚೀಚೆಯ ಹೆಂಗಸು, ಒಣಗಿದ ಗಟ್ಟಿ ಮೈಯವಳು, ಬಟ್ಟೆಯೊಂದನ್ನು ತಲೆಗೂ ಕೆನ್ನೆಗೂ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಿದ್ದಳು. ಮನುಷ್ಯರ ಜೊತೆ ಅವಳ ಮಾತು ಅಷ್ಟಕ್ಕಷ್ಟೆ. ಹೇಸರಗತ್ತೆಗಳ ಜೊತೆ ಮಾತ್ರ ದಾರಿಯುದ್ದಕ್ಕೂ ಜಗಳ. “ಏನೇ ರಾಣಿ, ಮೆರವಣಿಗೆ ಹೊರಟಿದ್ದೀಯಾ? ಎತ್ತು ಕಾಲು!” ಎಂದು ಮುಂದಿನದನ್ನು ಗದರುವಾಗಲೂ ಕೈಯೊಂದು ಕೆನ್ನೆಯ ಮೇಲೇ ಇತ್ತು. ಡಾಕ್ಟ್ರಮ್ಮನ ಕಣ್ಣಿಗೆ ಅದು ಬಿದ್ದಿತ್ತು. ಕೇಳೋಣವೆಂದರೆ ಏರಿನಲ್ಲಿ ಜೀವ ಬಾಯಿಗೆ ಬಂದಿತ್ತು.

ಬೆಳಗಿನಿಂದ ಜನ ಬಂದರು. ಮುದುಕರು ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದರು. ಕುರಿ ಕಾಯುವವನೊಬ್ಬ ಇಂಜೆಕ್ಷನ್ ಕಂಡದ್ದೇ ಕಾಲು ಕಿತ್ತ. ಹೆಂಡತಿ ರಟ್ಟೆ ಹಿಡಿದು ವಾಪಸು ತಂದು ಕೂರಿಸಿ, “ತೋಳಕ್ಕೆ ಹೆದರಲ್ಲವಂತೆ ಇವ್ರು,” ಎಂದಾಗ ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಡಾಕ್ಟ್ರಮ್ಮನೂ ಮೊದಮೊದಲು ನಕ್ಕಳು. ಮಧ್ಯಾಹ್ನದ ಮೇಲೆ ನಗು ಕೇಳಿಸಿದರೂ ತಲೆಯೆತ್ತಲಿಲ್ಲ. ಬಾಯಿ ತೆರೆ, ಸೂಜಿ, ಕಾಯು, ಇಕ್ಕಳ, ಹತ್ತಿ, ಕಚ್ಚಿ ಹಿಡಿ, ಮುಂದಿನವರು. ಮುಖಗಳು ಒಂದರೊಳಗೊಂದು ಬೆರೆತುಹೋದವು. ಸಾಲು ಮುಗಿದಾಗ ಆಕೆ ಬೆಂಚಿನ ಮೇಲೆ ಕುಸಿದು ಕುಳಿತು, ಬಲಗೈಯನ್ನು ಬೇರೆಯವರ ಸಾಮಾನೆಂಬಂತೆ ತೊಡೆಯ ಮೇಲಿಟ್ಟುಕೊಂಡಳು.

ಆಗ ಹೇಸರಗತ್ತೆಯವಳು ಒಳಗೆ ಬಂದಳು. ಬೆಳಗಿನಿಂದ ಹೊರಗೆ ಗೋಡೆಗೊರಗಿ ಕೂತೇ ಇದ್ದವಳು.

“ನಂದೊಂದು ಉಳಿದಿದೆ,” ಎಂದಳು.

ಓರಗಿತ್ತಿ ಡಾಕ್ಟ್ರಮ್ಮನ ಮುಖ ನೋಡಿ, “ನಾಳೆ ಬೆಳಿಗ್ಗೆ ಹೊರಡೋ ಮುಂಚೆ ನೋಡಿದ್ರೆ ಆಗಲ್ವಾ? ಅಕ್ಕನಿಗೆ ಕೈಯೇ...” ಎಂದು ಶುರುಮಾಡಿದಳು.

“ಕೂತ್ಕೊಳ್ಳಮ್ಮ,” ಎಂದಳು ಡಾಕ್ಟ್ರಮ್ಮ.

ತಲೆಬಟ್ಟೆ ಬಿಚ್ಚಿದಾಗ ಬಲಗೆನ್ನೆ ಊದಿಕೊಂಡಿರುವುದು ಕಾಣಿಸಿತು. ಕೆಳಗಿನ ದವಡೆಯಲ್ಲಿ ಒಂದು ಹಲ್ಲು ಕರಗಿ ಬರೀ ಬೇರು. ಪಕ್ಕದ್ದರಲ್ಲಿ ಆಳದ ಕುಳಿ, ಬುಡದಲ್ಲಿ ಕೀವು. ಇನ್ನೊಂದು ಕಡೆ ಎರಡರಲ್ಲಿ ಈಗಷ್ಟೇ ಹತ್ತಿದ ಸಣ್ಣ ಹುಳುಕು. ಉಳಿದವು ಒಳ್ಳೆಯ ಹಲ್ಲುಗಳು. ಇಂಥ ಸಾಲು ಹಲ್ಲಿಗೆ ಪಟ್ಟಣದವರು ಹಣ ಸುರಿಯುತ್ತಾರೆ.

“ಎಲ್ಲಾ ಕಿತ್ತುಬಿಡಿ,” ಎಂದಳು ಹೇಸರಗತ್ತೆಯವಳು.

“ಕೆಟ್ಟಿದ್ದನ್ನ ಕೀಳ್ತೀನಿ.”

“ಕೆಟ್ಟಿದ್ದಲ್ಲ. ಎಲ್ಲಾ. ಮೇಲಿಂದು, ಕೆಳಗಿಂದು, ಎಲ್ಲಾ.”

ಡಾಕ್ಟ್ರಮ್ಮ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಓರಗಿತ್ತಿಯ ಕಡೆ ನೋಡಿದಳು. ಓರಗಿತ್ತಿಯ ಬಾಯಿ ತೆರೆದೇ ಇತ್ತು.

“ಒಳ್ಳೇ ಹಲ್ಲು ಕೀಳೋದಾ? ಊಟ ಹೇಗೆ ಮಾಡ್ತೀಯಾ?” ಎಂದಳು ಡಾಕ್ಟ್ರಮ್ಮ.

“ಬೊಚ್ಚುಬಾಯಿ ಮುದುಕ್ರು ಮಾಡಲ್ವಾ? ಗಂಜಿ ಕುಡೀತೀನಿ.” ಅವಳ ದನಿಯಲ್ಲಿ ಹಟವಿರಲಿಲ್ಲ. ಎಷ್ಟೋ ಸಲ ಯೋಚಿಸಿ ಮುಗಿಸಿದ ಸಂಗತಿಯನ್ನು ಹೇಳುವವಳಂತೆ ಹೇಳಿದಳು. “ನನ್ನ ಅಕ್ಕ ಹಲ್ಲಿಂದ ಸತ್ತಳು ಡಾಕ್ಟ್ರಮ್ಮ. ಚಳಿಗಾಲ, ಹಿಮ ಬಿದ್ದು ದಾರಿ ಮುಚ್ಚಿತ್ತು. ದವಡೆ ಊದ್ಕೊಳ್ತು. ಹಲ್ಲುನೋವು ತಾನೇ ಅಂತ ಎಲ್ರೂ ಸುಮ್ಮನಿದ್ವಿ. ಊತ ಗಂಟಲಿಗಿಳೀತು. ನಾಲಿಗೆ ಮೇಲಕ್ಕೆದ್ದು, ಉಸಿರಿಗೇ ಜಾಗ ಇರ್ಲಿಲ್ಲ. ನನ್ನ ತೊಡೆ ಮೇಲೇ ಹೋದಳು.”

ಇಂಥ ಸಾವಿನ ಬಗ್ಗೆ ಡಾಕ್ಟ್ರಮ್ಮ ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಳು. ಒಂದನ್ನೂ ಕಂಡಿರಲಿಲ್ಲ. ಕಂಡವಳು ಎದುರಿಗೆ ಕುಳಿತಿದ್ದಳು.

“ಕೆನ್ನೆ ಊದಿದಾಗೆಲ್ಲ ನನ್ನ ಮಗಳು ನಿದ್ದೆ ಮಾಡಲ್ಲ. ಪಕ್ಕದಲ್ಲೇ ಕೂತು ನಾನು ಉಸಿರಾಡ್ತಿದೀನಾ ಅಂತ ನೋಡ್ತಾಳೆ. ಹಲ್ಲೇ ಇಲ್ದಿದ್ರೆ ಊದೋದಾದ್ರೂ ಎಲ್ಲಿಂದ?”

ಆಯಾಸಕ್ಕೆ ಒಂದು ಸುಲಭದ ದಾರಿ ಇತ್ತು. ‘ಮರಗಟ್ಟಿಸೋ ಮದ್ದು ಸಾಕಾಗಲ್ಲ’ ಎಂದು ಒಂದು ಸುಳ್ಳು ಹೇಳಿ, ಒಂದು ಹಲ್ಲು ಕಿತ್ತು ಕಳಿಸಬಹುದಿತ್ತು. ಡಾಕ್ಟ್ರಮ್ಮ ಹಾಗೆ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.

“ಮೊದಲು ಬೇರು ತೆಗೆಯೋಣ. ಆಮೇಲೆ ಮಾತಾಡೋಣ,” ಎಂದಳು.

ಬೇರು ಬೇಗ ಬಂತು. ಪಕ್ಕದ, ಕೀವಾದ ಹಲ್ಲಿನ ಎದುರು ಆಕೆ ತಡೆದು ನಿಂತಳು. ಪಟ್ಟಣದಲ್ಲಾಗಿದ್ದರೆ ಇದನ್ನು ಕೀಳುವ ಮಾತೇ ಇರಲಿಲ್ಲ. ನಾಲ್ಕು ಸಲ ಬರಹೇಳಿ, ಒಳಗಿನ ನರ ತೆಗೆದು, ತೊಳೆದು, ತುಂಬಿ, ಮೇಲೊಂದು ಟೋಪಿ ಕೂರಿಸಿ ಉಳಿಸಿಬಿಡುತ್ತಿದ್ದಳು. ಹಲ್ಲು ಕೀಳಲು ಆತುರಪಡುವ ಡಾಕ್ಟರುಗಳನ್ನು ಕಂಡರೆ ಆಕೆಗೆ ಪಿತ್ತ ನೆತ್ತಿಗೇರುತ್ತಿತ್ತು. ಕಿರಿಯರಿಗೆ ಇದೇ ವಿಷಯದಲ್ಲಿ ಭಾಷಣ ಬಿಗಿದಿದ್ದಳು. ಇಲ್ಲಿ ಮೊದಲ ಹಿಮ ಬೀಳುವ ಮುಂಚೆ ಈ ಹಲ್ಲು ಹೊರಬರಬೇಕು. ಬೇರೆ ಮಾತಿಲ್ಲ.

ಆ ಹಲ್ಲು ಸುಲಭಕ್ಕೆ ಜಗ್ಗಲಿಲ್ಲ. ಇಕ್ಕಳ ಹಾಕಿ ಅತ್ತಿತ್ತ ಆಡಿಸುವಾಗ ಚಟ್ಟನೆ ಸದ್ದಾಯಿತು. ಮೇಲಿನ ಭಾಗ ಕೈಗೆ ಬಂದು, ಬೇರು ಒಳಗೇ ಉಳಿಯಿತು.

“ಅಯ್ಯೋ,” ಎಂದಳು ಓರಗಿತ್ತಿ.

“ದೀಪ ಕೆಳಗೆ ಮಾಡು. ಇನ್ನೂ ಕೆಳಗೆ.”

ಡಾಕ್ಟ್ರಮ್ಮ ಮಂಡಿಯೂರಿದಳು. ಸಣ್ಣ ಉಳಿಯಂಥ ಸಲಕರಣೆಯನ್ನು ಬೇರಿನ ಪಕ್ಕಕ್ಕೆ ತೂರಿಸಿ, ಒತ್ತಿ, ತಿರುಗಿಸಿ, ಮತ್ತೆ ಒತ್ತಿದಳು. ಬೇರು ಮಿಸುಕಲಿಲ್ಲ. ಕಿಟಕಿಯ ಬೆಳಕು ಬೂದಿ ಬಣ್ಣಕ್ಕೆ ತಿರುಗಿತು. ಹೇಸರಗತ್ತೆಯವಳು ಕುರ್ಚಿಯ ಕೈಗಳನ್ನು ಬಿಗಿಹಿಡಿದು ಚಾವಣಿಯನ್ನೇ ನೋಡುತ್ತಿದ್ದಳು, ಹುಬ್ಬು ಕೂಡ ಅಲುಗಿಸಲಿಲ್ಲ. ಒಂದು ಗಳಿಗೆಯಲ್ಲಿ ಮಣಿಕಟ್ಟು ಪೂರಾ ಕೈಕೊಟ್ಟಿತು, ಉಳಿ ಜಾರಿ ಡಾಕ್ಟ್ರಮ್ಮನ ಎಡಗೈ ಹೆಬ್ಬೆರಳಿಗೇ ಚುಚ್ಚುವುದರಲ್ಲಿತ್ತು. ಆಕೆ ಕೈ ಹಿಂದಕ್ಕೆಳೆದುಕೊಂಡು, ಹಣೆಯನ್ನು ಕುರ್ಚಿಯ ತೋಳಿಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಅಳು ಬಂದಂತಾಯಿತು. ನೋವಿಗಲ್ಲ, ದುಃಖಕ್ಕೂ ಅಲ್ಲ. ಮಗು ನಿದ್ದೆಗೆ ಅಳುತ್ತದಲ್ಲ, ಹಾಗೆ.

ಓರಗಿತ್ತಿ ಆಕೆಯ ಬೆನ್ನಿಗೆ ತನ್ನ ಮಂಡಿ ಆನಿಸಿ ನಿಂತಳು. ಆ ಆಸರೆಗೆ ಒರಗಿ ಡಾಕ್ಟ್ರಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮತ್ತೆ ಶುರುಮಾಡಿದಳು. ಕೊನೆಗೆ ಬೇರು ಒಮ್ಮೆ ಅಲುಗಿತು. ಅಲುಗಿದ ಮೇಲೆ ಹೊರಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿಂದೆಯೇ ಕೀವು ಬಂತು. ಹೇಸರಗತ್ತೆಯವಳು ಎಷ್ಟೋ ಕಾಲದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.

ಗಾಯಕ್ಕೆ ಹತ್ತಿ ಒತ್ತಿಟ್ಟು, ಎಡಗಡೆಯ ಎರಡು ಸಣ್ಣ ಹುಳುಕುಗಳನ್ನು ಕೈಯಿಂದಲೇ ಕೆರೆದು, ಹಲ್ಲಿನ ಸಿಮೆಂಟು ಕಲಸಿ ಒತ್ತಿ ತುಂಬಿದಳು. ಬೆರಳಿನಿಂದ ಒತ್ತಿ ಹಿಡಿದೇ ಹೇಳಿದಳು, “ಮುಗೀತು.”

ಬೆರಳು ತೆಗೆದದ್ದೇ ಹೇಸರಗತ್ತೆಯವಳು ಹತ್ತಿಯ ಸಂದಿಯಿಂದ, “ಉಳಿದಿದ್ದು?” ಎಂದಳು.

“ಉಳಿದಿದ್ದು ಚೆನ್ನಾಗಿದೆ. ಅದನ್ನ ನಾನು ಕೀಳಲ್ಲ.”

“ಅದು ನಿಮ್ಮ ಬಾಯಲ್ಲ.”

“ಅಲ್ಲ. ಆದ್ರೆ ಕೈ ನಂದು. ಒಳ್ಳೇ ಹಲ್ಲಿಗೆ ಈ ಕೈ ಬರಲ್ಲ.”

“ಇವತ್ತು ಒಳ್ಳೇದು. ನೀವು ಹೋದ್ಮೇಲೆ ಕೆಟ್ರೆ ಯಾರ ಹತ್ರ ಹೋಗ್ಲಿ?” ಈಗ ಅವಳ ದನಿ ಏರಿತು. “ಹಿಂದೊಂದು ಸಲ ಕಣ್ಣಿನ ಡಾಕ್ಟ್ರು ಬಂದಿದ್ರು. ಮುಂದಿನ ವರ್ಷ ಬರ್ತೀವಿ ಅಂದ್ರು. ಅದಕ್ಕೂ ಮುಂಚೆ ಇನ್ಯಾರೋ. ಅವರೂ ಬರ್ತೀವಿ ಅಂದ್ರು. ಎಲ್ರ ಪೆಟ್ಟಿಗೇನೂ ನಾನೇ ಹೊತ್ತು ತಂದಿದ್ದು. ನೀವೂ ಹೇಳಿ, ಬರ್ತೀನಿ ಅಂತ. ಕೇಳಿಸ್ಕೊಳ್ತೀನಿ.”

ಓರಗಿತ್ತಿ, “ಬರ್ತಾರಮ್ಮ, ಬರದೆ ಏನು...” ಎನ್ನುವಷ್ಟರಲ್ಲಿ ಡಾಕ್ಟ್ರಮ್ಮ ಕೈಯೆತ್ತಿ ತಡೆದಳು.

“ಬರ್ತೀನಿ ಅಂತ ಹೇಳಲ್ಲ,” ಎಂದಳು. “ನಂಗೆ ಮಂಡಿ ಹೋಗಿದೆ, ಕೈ ಹೋಗಿದೆ. ಈ ದಾರಿ ಇನ್ನೊಂದು ಸಲ ಹತ್ತೋದು ನನ್ನಿಂದಾಗಲ್ಲ. ಬೇರೆಯವರು ಬರಬಹುದು, ಬರದೇ ಇರಬಹುದು. ಅದೂ ಗೊತ್ತಿಲ್ಲ.”

ಹೇಸರಗತ್ತೆಯವಳು ಆಕೆಯನ್ನು ದಿಟ್ಟಿಸಿ ನೋಡಿದಳು. ಕೋಪವೋ, ಬೇಸರವೋ, ಇನ್ನೇನೋ, ಊದಿದ ಮುಖದಲ್ಲಿ ತಿಳಿಯುವಂತಿರಲಿಲ್ಲ.

ಡಾಕ್ಟ್ರಮ್ಮ ಕೈಗನ್ನಡಿ ತೆಗೆದು ಅವಳ ಕೈಗೆ ಕೊಟ್ಟಳು. ಒಂದೊಂದೇ ಹಲ್ಲನ್ನು ಮುಟ್ಟಿ ತೋರಿಸಿದಳು: ಇದು ಗಟ್ಟಿ, ಇದು ಗಟ್ಟಿ, ಇಲ್ಲಿ ಕೊಳೆ ನಿಲ್ಲುತ್ತದೆ, ದಿನಾ ಉಜ್ಜು. ಊತಕ್ಕೆ ನುಂಗುವ ಮಾತ್ರೆಗಳನ್ನು ಈಗಿನದಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಟ್ಟಿದಳು. “ಕೆನ್ನೆ ಊದಿದ್ರೆ ಅವತ್ತೇ ಶುರುಮಾಡು. ಎಲ್ಲಾ ಮುಗಿಸು, ಅರ್ಧಕ್ಕೆ ಬಿಡ್ಬೇಡ. ನುಂಗೋಕೆ ಕಷ್ಟ ಆದ್ರೆ, ನಾಲಿಗೆ ಎದ್ರೆ, ಹಿಮ ಇರ್ಲಿ ಏನೇ ಇರ್ಲಿ, ಹೊತ್ಕೊಂಡಾದ್ರೂ ಕೆಳಗಿಳಿಸೋಕೆ ಹೇಳು. ಮಗಳನ್ನ ಕರ್ಕೊಂಡು ಬಾ, ಅವಳಿಗೂ ಹೇಳ್ತೀನಿ.”

ಮಗಳು ಬಂದಳು. ಹತ್ತು ಹನ್ನೊಂದರ ಹುಡುಗಿ. ಎಲ್ಲವನ್ನೂ ಕೇಳಿಸಿಕೊಂಡು, ತಾಯಿಯ ಬಾಯಿಗೆ ತಾನೇ ದೀಪ ಬಿಟ್ಟು ನೋಡಿ, “ಗುಂಡಿ ಬಿದ್ದಿದೆ,” ಎಂದಳು. ಹೇಸರಗತ್ತೆಯವಳು ಮಾತ್ರೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಜೊತೆ ಹೊರಟುಹೋದಳು.

“ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು ಅಕ್ಕಾ? ಅವಳಿಗೆ ಸಮಾಧಾನ ಆದ್ರೂ ಆಗ್ತಿತ್ತು,” ಎಂದಳು ಓರಗಿತ್ತಿ.

“ಸುಳ್ಳು ಹೇಳೋಕೂ ಶಕ್ತಿ ಬೇಕು,” ಎಂದಳು ಡಾಕ್ಟ್ರಮ್ಮ. ಕೂತಲ್ಲೇ ಕಣ್ಣು ಮುಚ್ಚಿದಳು.

ಬೆಳಿಗ್ಗೆ ಇಳಿಯುವಾಗ ಮೊದಲ ತಿರುವಿನಲ್ಲೇ ಮಂಡಿ ಮಡಚಲೊಲ್ಲೆ ಎಂದಿತು. ಹೇಸರಗತ್ತೆಯವಳು ಹಿಂದಿರುಗಿ ನೋಡಿ, ಕೊನೆಯ ಹೇಸರಗತ್ತೆಯ ಹೊರೆಯನ್ನು ಬಿಚ್ಚಿ ಉಳಿದೆರಡರ ಮೇಲೆ ಹಂಚಿ ಕಟ್ಟಿದಳು. “ಹತ್ತಿ ಕೂತ್ಕೊಳ್ಳಿ,” ಎಂದಳು. ಡಾಕ್ಟ್ರಮ್ಮ ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಆಕೆಯನ್ನು ಮೂಟೆಯಂತೆ ಎತ್ತಿ ಕೂರಿಸಿದರು. ಬಲಗೈಗೆ ಜೀನು ಹಿಡಿಯಲಾಗದ್ದರಿಂದ ಹೇಸರಗತ್ತೆಯವಳು ಕಡಿದಾದ ಕಡೆಯೆಲ್ಲ ಪಕ್ಕದಲ್ಲಿ ನಡೆಯುತ್ತ ಆಕೆಯ ಸೊಂಟಕ್ಕೆ ಕೈಯೊತ್ತಿ ಹಿಡಿದಿದ್ದಳು. ಈವತ್ತು ಕೆನ್ನೆಗೆ ಬಟ್ಟೆ ಸುತ್ತಿರಲಿಲ್ಲ. ಹೇಸರಗತ್ತೆಗಳನ್ನೂ ಹೆಚ್ಚು ಬೈಯಲಿಲ್ಲ. ಓರಗಿತ್ತಿ ಹಿಂದೆ ಬರುತ್ತ, ಕೊನೆಗೂ ಬೆಟ್ಟ ನೋಡಿದಳು. ನೋಡಿ, “ಕಾಲಿಡೋ ಜಾಗ ಬಿಟ್ಟು ಬೇರೆ ಏನು ನೋಡೋಕೂ ಭಯ ಆಗುತ್ತೆ ಕಣ್ರೀ,” ಎಂದು ಗೊಣಗಿದಳು.

ರಸ್ತೆ ಸಿಕ್ಕಲ್ಲಿ ವ್ಯಾನು ಕಾಯುತ್ತಿತ್ತು. ಎಳೆಯ ಡಾಕ್ಟರುಗಳಿಬ್ಬರೂ ಹಿಂದಿನ ಸೀಟಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ಹೇಸರಗತ್ತೆಯವಳು ಡಾಕ್ಟ್ರಮ್ಮನ ಎದುರು ಬಂದು ನಿಂತು ಬಾಯಿ ತೆರೆದಳು. ಡಾಕ್ಟ್ರಮ್ಮ ಅವಳ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಊತ ಇಳಿಯತೊಡಗಿತ್ತು. ಗಾಯ ಚೊಕ್ಕವಾಗಿತ್ತು.

“ಚೆನ್ನಾಗಿದೆ.”

“ಉಳಿದಿದ್ದು ಎಷ್ಟು ವರ್ಷ ಬರುತ್ತೆ?”

“ಗೊತ್ತಿಲ್ಲ. ನೋಡ್ಕೊಂಡ್ರೆ ಬಹಳ ವರ್ಷ ಬರುತ್ತೆ.”

“ಹ್ಞೂಂ,” ಎಂದಳು ಹೇಸರಗತ್ತೆಯವಳು. ಒಪ್ಪಿದಳೋ ಇಲ್ಲವೋ. ಹೇಸರಗತ್ತೆಗಳ ಮೂತಿ ಮೇಲಕ್ಕೆ ತಿರುಗಿಸಿ, ಖಾಲಿಯಾದ ಬೆನ್ನೊಂದನ್ನು ತಟ್ಟಿ ಏರು ಹಿಡಿದಳು.

ವ್ಯಾನಿನಲ್ಲಿ ಡ್ರೈವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಡಾಕ್ಟ್ರಮ್ಮ ಲೋಟ ಹಿಡಿಯಹೋದಳು, ಬೆರಳು ಮಡಚಲಿಲ್ಲ. ಓರಗಿತ್ತಿ ಲೋಟ ಇಸಿದುಕೊಂಡು ಆಕೆಯ ತುಟಿಗೆ ಹಿಡಿದಳು.

“ಹೇಗಿತ್ತು ಮೇಡಂ, ಮೇಲಿನ ಊರು?” ಎಂದ ಡ್ರೈವರು.

ಡಾಕ್ಟ್ರಮ್ಮ ಒಂದು ಗುಟುಕು ನುಂಗಿದಳು. ಹೇಳಬೇಕಾದದ್ದನ್ನು ಓರಗಿತ್ತಿಯೇ ಹೇಳಲೆಂದು ಕಾದಳು.

“ಮೊದಲು ಕಿಟಕಿ ಮುಚ್ಚಪ್ಪ,” ಎಂದಳಷ್ಟೆ ಓರಗಿತ್ತಿ. “ಗಾಳಿ ಬರ್ತಿದೆ.”