ಸೂರಪ್ಪ ಉಳಿದ ಊರು

ಮೊದಲನೇ ದೊಡ್ಡ ಯುದ್ಧ ಮುಗಿದ ಮರುವರ್ಷ ಇಮಾಮ್ ಸಾಬ್ ಮೊಳಕಾಲ್ಮೂರಿಗೆ ವಾಪಸು ಬಂದ. ಅವನೂ ನಮ್ಮಣ್ಣ ಸೂರಪ್ಪನೂ ಪಲ್ಟನಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯಲು ಒಟ್ಟಿಗೆ ಹೋದವರು. ಅಣ್ಣ ಗ್ರೀಸ್ ದೇಶದ ಯಾವುದೋ ಸಣ್ಣ ಊರಲ್ಲಿ ಜ್ವರ ಬಂದು ತೀರಿಕೊಂಡ. ಮಣ್ಣು ಮಾಡಿದವನು ಇಮಾಮನೇ. ಆ ಸುದ್ದಿ ಮೊದಲೇ ಬಂದಿತ್ತು, ನಮ್ಮವ್ವ ಉಚ್ಚಂಗೆಮ್ಮ ಅಳುವಷ್ಟೂ ಅತ್ತಾಗಿತ್ತು. ಈಗ ಅವಳಿಗೆ ತಿಳಿಯಬೇಕಾಗಿದ್ದುದು ಒಂದೇ, ಮಗ ಮಲಗಿರುವ ಊರು ಎಂಥದು ಎಂಬುದು.

ಹೆಣ್ಣು ಕೊಡುವ ಊರನ್ನು ವಿಚಾರಿಸುವ ಹಾಗೆ ವಿಚಾರಿಸತೊಡಗಿದಳು.

"ನೀರು ಹೆಂಗಪ್ಪಾ ಅಲ್ಲಿ?"

"ಊರ ಕೆಳಗೆ ದೊಡ್ಡ ಕೆರೆ ಐತವ್ವ. ಹಿಂದುಗಡೆ ನಮ್ಮಂಗೇ ಕಲ್ಲುಗುಡ್ಡ, ಅದರ ಮ್ಯಾಲೊಂದು ಹಳೇ ಕೋಟೆ. ಚಳಿಗಾಲದಾಗೆ ಅರಳೆ ಹಿಂಜಿದಂಗೆ ಮಂಜು ಬೀಳ್ತೈತೆ."

"ಯಾವ ದೊರೆ ಸೀಮೆ?"

"ಮೊದ್ಲು ಯಾವ್ಯಾವ್ದೋ ರಾಜ್ರು. ಆಮ್ಯಾಲೆ ಐನೂರು ವರ್ಷ ತುರ್ಕಿ ಬಾದಶಾ. ಮೊನ್ನೆ ಮೊನ್ನೆ ಗ್ರೀಕರು ಗೆದ್ಕಂಡ್ರು. ದೊರೆ ಬದಲಾದಂಗೆಲ್ಲ ಊರ ಹೆಸ್ರೂ ಬದಲಾಗೈತೆ."

"ಜನ?"

"ಬಲು ಒಳ್ಳೇರು. ಅಲ್ಲೇ ಪಕ್ಕದ ಮನೆ ಮುದುಕಿ ದಿನಾ ನಿನ್ನ ಮಗನ ತಾವ ದೀಪ ಹಚ್ತಾಳೆ."

ಅವ್ವನ ಮುಖ ಅರಳಿತು. ನನಗೋ ಮೈ ಉರಿಯಿತು. ಅವ್ವನ ಮೂಗಿಗೆ ತುಪ್ಪ ಸವರುತ್ತಿದ್ದಾನೆ ಎಂದು ಗುಮಾನಿ. ಸಾವಿರ ಸುಳ್ಳು ಹೇಳಿ ಮದುವೆ ಮಾಡಲಿ, ಬೇಡ ಎಂದವರಾರು? ಸತ್ತವನ ಊರಿಗೂ ಸುಳ್ಳೇ? ಅಷ್ಟರಲ್ಲಿ ಅವನೇ ಸಿಕ್ಕಿಬಿದ್ದ. ಮಳೆ ಬಂದರೆ ಹೇಸರಗತ್ತೆಗಳನ್ನು ಆ ಊರ ಗುಡಿಯೊಳಗೆ ಕಟ್ಟುತ್ತಿದ್ದೆವು ಎಂದ.

"ಅಲ್ಲ ಇಮಾಮಣ್ಣ, ಗುಡಿಯಾಗೆ ಕತ್ತೆ ಕಟ್ಟಿದ್ರೆ ಊರೋರು ಸುಮ್ನೆ ಬಿಟ್ರಾ?" ಎಂದೆ. "ನಮ್ಮೂರಾಗೆ ಕಟ್ಟಿ ನೋಡು, ಚರ್ಮ ಸುಲೀತಾರೆ."

ಇಮಾಮ್ ಸಾಬ್ ತಲೆ ತಗ್ಗಿಸಿದ.

"ಊರೋರು ಇದ್ರೆ ತಾನೇ, ಕೆಂಚಕ್ಕ. ನಾವು ಹೋಗೋ ಹೊತ್ಗೇ ಅದು ಪಾಳು ಬಿದ್ದಿತ್ತು. ಗ್ರೀಕರು ಗೆದ್ಕಂಡ ಹಿಂದಿನ ಲಡಾಯಿನಾಗೇ ಸುಟ್ಟಿದ್ರು. ತುರ್ಕರೂ ಇಲ್ಲ, ಗ್ರೀಕರೂ ಇಲ್ಲ. ಮುದುಕಿನೂ ಇಲ್ಲ. ಹೆತ್ತ ಹೊಟ್ಟೆ ತಣ್ಣಗಾಗ್ಲಿ ಅಂತ ಹೇಳ್ದೆ."

ಯಾಕಾದರೂ ಬಾಯಿ ಬಿಟ್ಟೆನೋ ಎಂದು ನನಗೆ ಅಳುವೇ ಬಂತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹತ್ತಿರ ಸರಿದು ಇಮಾಮನ ಬೆನ್ನು ಸವರಿದಳು.

"ಇರ್ಲಿ ಬಿಡಪ್ಪ," ಎಂದಳು. "ಕೆರೆ ಐತಲ್ಲ, ಜನ ಇವತ್ತಲ್ಲ ನಾಳೆ ತಿರುಗಿ ಬರ್ತಾರೆ. ಅಲ್ಲೀಗಂಟ ನನ್ನ ಮಗ ಊರು ನೋಡ್ಕಂಡಿರ್ತಾನೆ."