ಗಣಿಬಾಯಿಗೆ ಓಡಿದವಳು

ಬಂಗಾರಪೇಟೆ ಸಂತೆಯಿಂದ ತರಿಸಿದ ಅವರೆಕಾಯಿಯ ಚೀಲಕ್ಕೆ ಅಮ್ಮಾಜಮ್ಮ ಮೂಗು ತೂರಿಸಿ ಉಸಿರೆಳೆದುಕೊಂಡಳು. ಸೊಗಡು ಗಮ್ಮೆಂದಿತು. ಇವತ್ತು ಆಗೇ ಆಗುತ್ತದೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತು. ಕಾಯಿ ಸುಲಿಯುವಾಗ ಕೈಯೂ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. ಗಣಿ ಕೂಲಿಗಳ ಲೈನಿನಲ್ಲಿ ಪಕ್ಕದ ಮನೆಯ ನರಸಮ್ಮನಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳಿದಳು.

ವಿಷಯ ಇಷ್ಟೇ. ಮೂರು ತಿಂಗಳ ಹಿಂದೆ, ಮೂವತ್ತೆಂಟನೇ ಇಸವಿಯ ಮಳೆಗಾಲದ ಕೊನೆಗೆ, ಉರಿಗಾಂ ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ಅವಳ ಗಂಡ ಕೋದಂಡಪ್ಪನ ತಲೆಗೆ ಪೆಟ್ಟು ಬಿದ್ದಿತ್ತು. ಗಾಯ ಮಾಯಿತು. ಹಗ್ಗಕ್ಕೆ ಗಂಟು ಹಾಕುವುದು, ಮುದ್ದೆ ನುಂಗುವುದು, ತಮಿಳಿನಲ್ಲಿ ಬೈಯುವುದು, ಯಾವುದನ್ನೂ ಅವನು ಮರೆತಿರಲಿಲ್ಲ. ಮರೆತದ್ದು ಮನುಷ್ಯರನ್ನು. ಹನ್ನೊಂದು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನೇ ಊಟ ಹಾಕುವ ಯಾರೋ ಪುಣ್ಯಾತ್ಗಿತ್ತಿ ಎಂದುಕೊಂಡು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಆ ಮರ್ಯಾದೆಗೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅವನು ತನ್ನನ್ನು ಒಂದು ಸಲ ಗುರುತು ಹಿಡಿದರೆ ಸಾಕಿತ್ತು ಅವಳಿಗೆ.

ಆಸ್ಪತ್ರೆಯ ಕಾಂಪೌಂಡರ್ ಕುಪ್ಪುಸ್ವಾಮಿ ದೊಡ್ಡ ಡಾಕ್ಟರ ಬಾಯಿಂದ ಕೇಳಿದ್ದನ್ನು ಅವಳಿಗೆ ಬಿಡಿಸಿ ಹೇಳಿದ್ದ. ಮಿದುಳಿನಲ್ಲಿ ಮಾತು, ಲೆಕ್ಕ ಎಲ್ಲ ಮೇಲುಗಡೆ ಇರುತ್ತವಂತೆ. ಭಯ, ಪ್ರೀತಿ, ಹಳೆಯ ನೆನಪು ಕೆಳಗೆ ಆಳದಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವಂತೆ. ವಾಸನೆಯೊಂದು ಮಾತ್ರ ಯಾರನ್ನೂ ಕೇಳದೆ ನೇರ ಅಲ್ಲಿಗೇ ಇಳಿಯುತ್ತದಂತೆ. ಅಮ್ಮಾಜಮ್ಮನಿಗೆ ಇಷ್ಟು ಸಾಕಾಯಿತು. ಅವಳ ಕೈಯ ಅವರೆಬೇಳೆ ಸಾರೆಂದರೆ ಅವನು ಮೊದಲಿಂದ ಪ್ರಾಣ ಬಿಡುತ್ತಿದ್ದ. ಅವರೆಕಾಲ ಬರುವುದನ್ನೇ ಕಾದಳು.

ಮಧ್ಯಾಹ್ನ ಮುದ್ದೆಯ ಪಕ್ಕ ಹಿತಕಿದ ಅವರೆಬೇಳೆಯ ಸಾರು ಬಿಟ್ಟು ಎದುರಿಗೇ ಕೂತಳು. ಕೋದಂಡಪ್ಪ ಮೂಸಿದ. ಕಣ್ಣು ಮುಚ್ಚಿದ. ಅವಳು ಉಸಿರು ಬಿಗಿಹಿಡಿದಳು.

"ಭಾಳ ಚೆನ್ನಾಗೈತೆ," ಎಂದ ಅವನು. "ಯಾವೂರ ಕಡೆ ಅಡ್ಗೆ ನಿಮ್ದು?"

ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಕಾಂಪೌಂಡರನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು.

ಅಷ್ಟರಲ್ಲಿ ನೆಲ ಗುಡುಗಿತು. ಗೂಡಿನ ಚೆಂಬು ಉರುಳಿತು, ಸೂರಿನ ತಗಡು ನಡುಗಿತು. ಗಣಿಯೊಳಗೆ ಮತ್ತೆ ಬಂಡೆ ಸಿಡಿದಿತ್ತು. ಲೈನಿನ ಹೆಂಗಸರೆಲ್ಲ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಗಣಿಬಾಯಿಯತ್ತ ಓಡಿದರು. ಉರಿಗಾಂನಲ್ಲಿ ನೆಲ ನಡುಗಿದಾಗಲೆಲ್ಲ ಅವರು ಮಾಡುತ್ತಿದ್ದದ್ದೇ ಅದು. ಅಮ್ಮಾಜಮ್ಮನೂ ಓಡಿದಳು. ಸೆರಗು ಜಾರಿದ್ದು ಗೊತ್ತಾಗಲಿಲ್ಲ, ಕಾಲಿಗೆ ಕಲ್ಲು ಚುಚ್ಚಿದ್ದು ಗೊತ್ತಾಗಲಿಲ್ಲ. ಎಂದಿನ ಹಾಗೆಯೇ ಮುತ್ಯಾಲಮ್ಮನಿಗೆ ಹರಕೆ ಹೊರುತ್ತ, ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಕಂಬಿ ಹಿಡಿದು ನಿಂತಳು.

ಆಳುಗಳನ್ನು ಹೊತ್ತ ಕೇಜು ಮೇಲೆ ಬಂತು. ಯಾರಿಗೂ ಏನೂ ಆಗಿಲ್ಲವೆಂದು ಮೇಸ್ತ್ರಿ ಕೂಗಿದ. ನರಸಮ್ಮ ತನ್ನ ಗಂಡನ ತೋಳು ಹಿಡಿದು ಅಳುತ್ತ ನಗುತ್ತ ಹೊರಟಳು. ಅಮ್ಮಾಜಮ್ಮ ಇಳಿದವರ ಮುಖವನ್ನೆಲ್ಲ ಹುಡುಕಿದಳು. ಕೋದಂಡಪ್ಪ ಇರಲಿಲ್ಲ. ಕೇಜು ಖಾಲಿಯಾಯಿತು. ಅವನನ್ನು ಮನೆಯಲ್ಲಿ ಮುದ್ದೆಯ ಮುಂದೆ ಬಿಟ್ಟು ಬಂದಿದ್ದೇನೆಂಬುದು ಆಗ ಅವಳ ನೆನಪಿಗೆ ಬಂತು.

ತನ್ನ ತಲೆಯೂ ಕೆಟ್ಟಿತೆಂದು ನಗು ಬಂದು ಹಿಂದಕ್ಕೆ ತಿರುಗಿದರೆ, ಅವನು ಅಲ್ಲೇ ನಿಂತಿದ್ದ. ಬರಿಗಾಲು, ಏದುಸಿರು, ಬಲಗೈಗೆ ಮೆತ್ತಿದ ಸಾರು. ಯಾಕೆ ಓಡಿ ಬಂದದ್ದೆಂದು ಕೇಳಿದಳು.

"ಗೊತ್ತಿಲ್ಲ. ನೀವು ಓಡಿದ್ ಕಂಡು ಎದೆ ಡವಡವ ಒಡ್ಕಳಾಕ್ ಸುರು ಆಯ್ತು. ಕಾಲು ನಿಲ್ನಿಲ್ಲ." ಅವನು ಖಾಲಿ ಕೇಜಿನ ಕಡೆ ನೋಡಿ ಮೆಲ್ಲಗೆ ಕೇಳಿದ: "ನಿಮ್ ಯಜಮಾನ್ರು ಒಳಗವ್ರಾ?"

ಅಮ್ಮಾಜಮ್ಮ ಅವನ ಮುಖ ನೋಡಿದಳು. ಬೇರೆಯವರ ಮನೆಯ ಹೆಂಗಸಿಗಾಗಿ ಯಾವ ಗಂಡಸೂ ಅಷ್ಟು ಗಾಬರಿಪಡುವುದಿಲ್ಲ. ಕೂಗಿಬಿಡಬೇಕು ಅನ್ನುವಷ್ಟು ಸಂತೋಷವಾಯಿತು ಅವಳಿಗೆ.

"ಇಲ್ಲ," ಎಂದಳು. "ಮ್ಯಾಲಕ್ ಬಂದವ್ರೆ."

"ಸದ್ಯ," ಎಂದು ಅವನು ಉಸಿರು ಬಿಟ್ಟ. ಆ ನೂಕುನುಗ್ಗಲಲ್ಲಿ ಅವಳು ಎಲ್ಲಿ ತಪ್ಪಿಹೋಗುತ್ತಾಳೋ ಎಂದು ಕೈ ಹಿಡಿದುಕೊಂಡ. ಗುಂಪು ಕರಗಿದ ಮೇಲೂ ಬಿಡಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಅವನ ಕೈಯ ಸಾರು ಇಬ್ಬರ ಬೆರಳುಗಳ ನಡುವೆ ಒಣಗಿ ಅಂಟಿಕೊಂಡಿತ್ತು.